ಬಚ್ಚಲ ಕಲ್ಲಿನ ಧೂಪದ ಮರ

ಇಲ್ಲ, ನೀವು ತಲೆ ಅಲ್ಲಾಡಿಸಿದ ಮಾತ್ರಕ್ಕೆ ಬೆಳೆದಿದ್ದ ಮರ ಬೆಳೆದೇ ಇರಲಿಲ್ಲ ಅಂತ ಆಗುವುದಿಲ್ಲ. ಧೂಪದ ಮರವೇ ಅದು. ಘಟ್ಟದ ಕಾಡಿನದು, ವರ್ಷದ ಅರ್ಧ ಭಾಗ ಮಳೆಯಲ್ಲಿ ನೆನೆದುಕೊಂಡೇ ನಿಲ್ಲುವ ಜಾತಿ. ಅದು ಶಿರಾ ತಾಲ್ಲೂಕಿನ ಗೌಡಗೆರೆ ಪಕ್ಕದ ನಮ್ಮ ಹಟ್ಟಿಯಲ್ಲಿ ನಲವತ್ತು ವರ್ಷಕ್ಕೂ ಮಿಕ್ಕಿ ಬದುಕಿತ್ತು. ನಮ್ಮ ಸೀಮೆಯ ಬಿಸಿಲು ಎಂಥದ್ದು ಅಂತ ನನಗೇ ಹೇಳಲು ಬರಬೇಡಿ. ಏಪ್ರಿಲ್‌ನಲ್ಲಿ ಇಲ್ಲಿನ ಕಾಗೆಗಳು ಒಂಟಿಯಾಗಿ ಹಾರುವುದಿಲ್ಲ. ಜೋಡಿಯಾಗಿ ಹಾರುತ್ತವೆ, ಒಂದರ ನೆರಳಲ್ಲಿ ಇನ್ನೊಂದು. ಅರ್ಧ ದಾರಿಗೆ ಸರದಿ ಬದಲಾಯಿಸಿಕೊಳ್ಳುತ್ತವೆ. ನಕ್ಕಿರಿ ನೋಡಿ. ಹೋಗಲಿ, ಕಾಗೆಯದ್ದು ನಂಬಬೇಡಿ. ಮರದ್ದು ನಿಜ.

ಮರದ ಕತೆ ಹೇಳಬೇಕಾದರೆ ನನ್ನ ಅತ್ತಿಗೆ ಗೌರಕ್ಕನಿಂದ ಶುರು ಮಾಡಬೇಕು. ನನ್ನ ಅಣ್ಣ ಚಿತ್ತಯ್ಯನ ಹೆಂಡತಿ ಆಕೆ. ನಮ್ಮದು ಕುರಿ ಸಾಕುವ ಗೊಲ್ಲರ ಹಟ್ಟಿ. ಸುತ್ತ ಮುಳ್ಳುಬೇಲಿ, ಒಳಗೆ ಮನೆಗಳು, ನಡುವೆ ಜುಂಜಪ್ಪ ದೇವರ ಗುಡಿ. ನನಗೂ ಆ ದೇವರ ಹೆಸರೇ ಇಟ್ಟಿದ್ದಾರೆ. ದೇವರಿಗೆ ಅದರಿಂದ ಸ್ವಲ್ಪ ಮುಜುಗರವಾಗಿರಬಹುದು. ಬೇಸಿಗೆ ಬಂದರೆ ಅಣ್ಣ ನಾನು ಇಬ್ಬರೂ ಕುರಿ ಹೊಡೆದುಕೊಂಡು ಪಡುವಣಕ್ಕೆ, ಘಟ್ಟದ ಅಂಚಿನವರೆಗೆ ಹೋಗುತ್ತಿದ್ದೆವು. ಅಲ್ಲಿನವರ ಹೊಲಗಳಲ್ಲಿ ಗೊಬ್ಬರಕ್ಕಾಗಿ ಮಂದೆ ನಿಲ್ಲಿಸುವುದು, ಮೊದಲ ಮಳೆ ಬಿದ್ದ ಕೂಡಲೇ ವಾಪಸ್ ತಿರುಗುವುದು. ತಡ ಮಾಡಿದರೆ ಕುರಿಗಳ ಗೊರಸು ಕೊಳೆಯುತ್ತದೆ. ಒಂದು ವರ್ಷ ತಡವಾಯಿತು. ಎಂಥ ಮಳೆ ಅಂತೀರಿ, ಕುರಿಗಳ ಬೆನ್ನ ಉಣ್ಣೆಯಲ್ಲಿ ಹುಲ್ಲು ಮೊಳೆತುಬಿಟ್ಟಿತು. ಮುಂದಿನ ಕುರಿಯ ಬೆನ್ನನ್ನು ಹಿಂದಿನದು ಮೇಯುತ್ತಾ ಬಂದಿದ್ದರಿಂದ ದಾರಿಯುದ್ದಕ್ಕೂ ನಮಗೆ ಮೇವಿನ ಚಿಂತೆಯೇ ಇರಲಿಲ್ಲ.

ಆ ಸಲವೇ ಅಣ್ಣ ಧೂಪದ ಮರದ ಕೆಳಗೆ ಬಿದ್ದಿದ್ದ ಒಂದು ಕಾಯಿ ಎತ್ತಿಕೊಂಡ. ಈ ಮರದ ಅಂಟನ್ನೇ ಕೆಂಡದ ಮೇಲೆ ಹಾಕಿ ಧೂಪ ಎಬ್ಬಿಸುವುದು ಅಂತ ಅಲ್ಲಿನವರು ಹೇಳಿದ್ದರು. ಹಟ್ಟಿಯಲ್ಲೇ ಒಂದು ಮರ ಇದ್ದರೆ ಜುಂಜಪ್ಪನಿಗೆ ಅಂಗಡಿ ಲೋಬಾನ ಬೇಡ ಅನ್ನುವುದು ಅವನ ಲೆಕ್ಕಾಚಾರ. ಕಂಬಳಿಯ ಮಡಿಕೆಯಲ್ಲಿ ಕಟ್ಟಿಕೊಂಡ. ಊರು ಮುಟ್ಟುವ ಮೊದಲೇ ಬೀಜ ಬಾಯಿಬಿಟ್ಟು ಬಿಳಿಯ ಬೇರು ಹೊರಗೆ ಹಾಕಿತ್ತು. ನಮ್ಮ ರಾಗಿಯನ್ನು ನೆಲದಡಿಯ ಹಗೇವಿನಲ್ಲಿ ಮುಚ್ಚಿಟ್ಟರೆ ವರ್ಷಗಟ್ಟಲೆ ಸುಮ್ಮನೆ ಮಲಗಿರುತ್ತದೆ. ಮಳೆಕಾಡಿನ ಬೀಜಕ್ಕೆ ಕಾಯುವುದೇ ಬರುವುದಿಲ್ಲ. ಹಸಿಯಾಗಿದ್ದಾಗ ಮೊಳೆಯಬೇಕು, ಇಲ್ಲವೇ ಒಣಗಿ ಸಾಯಬೇಕು.

ಹಟ್ಟಿಯ ಹಿರಿಯರು ಬೀಜ ನೋಡಿದವರೇ ಬೇಡ ಅಂದುಬಿಟ್ಟರು. ಗುರುತಿಲ್ಲದ ಮರ ಮುಳ್ಳುಬೇಲಿಯ ಒಳಗೆ ಬರಬಾರದು, ದೇವರ ಅಪ್ಪಣೆಯಿಲ್ಲ. ಅಣ್ಣ ಅದನ್ನು ಹೊರಗೆ ಎಸೆದು ಬರುತ್ತೇನೆ ಅಂತ ಹೊರಟ. ಹೊರಗೆ ಹೊಂಗೆ ಮರದ ಕೆಳಗೆ ತೆಂಗಿನ ಗರಿಯ ಒಂದು ಗುಡಿಸಲು ಇತ್ತು. ನಮ್ಮಲ್ಲಿ ಮುಟ್ಟಾದ ಹೆಂಗಸರು, ಹೆತ್ತ ಬಾಣಂತಿಯರು, ಸೂತಕ ಕಳೆಯುವವರೆಗೆ ಅಲ್ಲೇ ಇರಬೇಕಿತ್ತು. ಗುಡಿಸಲ ಮುಂದೆ ಸ್ನಾನಕ್ಕೊಂದು ಬಚ್ಚಲ ಕಲ್ಲು. ಒಳಗಿನವರು ದೂರದಿಂದ ತೊಟ್ಟಿಗೆ ನೀರು ತುಂಬಿ ಹೋಗುತ್ತಿದ್ದರು. ಗೌರಕ್ಕ ನಾವು ಇಲ್ಲದಾಗ ಹೆತ್ತಿದ್ದಳು. ನಾವು ಬಂದಾಗ ಆ ಗುಡಿಸಲ ಬಾಗಿಲಲ್ಲಿ ಕೂತಿದ್ದಳು.

“ಕೂಸೆಲ್ಲೇ?” ಅಂದ ಅಣ್ಣ. ಹತ್ತಿರ ಹೋಗುವಂತಿಲ್ಲ, ದೂರದಲ್ಲೇ ನಿಂತಿದ್ದ.

ಗೌರಕ್ಕ ಬಚ್ಚಲ ಕಲ್ಲಿನ ಪಕ್ಕದ ಹಸಿಮಣ್ಣು ತೋರಿಸಿದಳು. ಗಾಳಿಮಳೆಗೆ ಗುಡಿಸಲ ಗರಿ ಹಾರಿ, ಕೂಸು ಶೀತಕ್ಕೆ ಹೋಗಿತ್ತು. ಸೂತಕ ಕಳೆಯದ ಕೂಸು ಅಂತ ಅಲ್ಲೇ ಮಣ್ಣು ಮಾಡಿದ್ದರು.

“ಗಂಡೋ, ಹೆಣ್ಣೋ?”

“ಹೆಣ್ಣು. ಮೂಗು ನಿಂದೇಯ.”

ಅಣ್ಣ ಕೈಯಲ್ಲಿದ್ದ ಮೊಳಕೆ ಬೀಜವನ್ನು ಕಲ್ಲಿನ ಮೇಲಿಟ್ಟು ಹಿಂದಕ್ಕೆ ಸರಿದ. ಆಕೆ ಎದ್ದು ಬಂದು ತೆಗೆದುಕೊಂಡಳು. ಅವನು ಹೆಂಡತಿಗೆ ಆವತ್ತು ಕೊಡಬಹುದಾಗಿದ್ದದ್ದು ಅಷ್ಟೇ. ಮುಟ್ಟಿ ಸಮಾಧಾನ ಹೇಳಲೂ ಇನ್ನೂ ಕೆಲವು ದಿನ ಬಾಕಿ ಇತ್ತು.

ಗೌರಕ್ಕ ಬೀಜವನ್ನು ಅಲ್ಲೇ, ಬಚ್ಚಲ ನೀರು ಇಂಗುವ ಜಾಗದಲ್ಲಿ ಊರಿದಳು. ಹಿರಿಯರು ತಕರಾರು ಮಾಡಲಿಲ್ಲ. ಬೇಲಿಯ ಆಚೆ ಏನು ಬೆಳೆದರೆ ಅವರಿಗೇನು?

ಮುಂದಿನ ಎಷ್ಟೋ ವರ್ಷ ಅದು ಮೊಣಕಾಲುದ್ದವೇ ಇತ್ತು. ನಾನು ಅತ್ತಿಗೆಯನ್ನು ರೇಗಿಸುತ್ತಿದ್ದೆ, “ಅತ್ಗೆ, ನಿನ್ ಮರದ್ ಮ್ಯಾಲೆ ನಮ್ ಟಗರು ಉಚ್ಚೆ ಹುಯ್ತು ಕಣೆ, ನೋಡ್ಕೊ.” ಆಕೆ, “ನಿಂಗೂ ಮೀಸೆ ಬರಕ್ಕೆ ಎಷ್ಟ್ ವರ್ಸ ಆತು, ನಾವೇನಾರ ಅಂದ್ವಾ?” ಅನ್ನುತ್ತಿದ್ದಳು. ಈ ಜಾತಿಯ ಸಸಿ ಕಾಡಿನಲ್ಲೂ ಹಾಗೇ ಇರುತ್ತದಂತೆ. ದೊಡ್ಡ ಮರಗಳ ನೆರಳಲ್ಲಿ ಬೆಳಕಿಗಾಗಿ ಬಾಯಿಮುಚ್ಚಿಕೊಂಡು ನಿಂತಿರುತ್ತದೆ. ಮೇಲಿನದೊಂದು ಉರುಳಿದ ದಿನ ಎದ್ದೇಳುತ್ತದೆ. ನಮ್ಮಲ್ಲೂ ಹಾಗೇ ಆಯಿತು. ಒಂದು ಗಾಳಿಗೆ ಹೊಂಗೆ ಮರ ಬುಡಮೇಲಾಯಿತು. ಆಮೇಲೆ ನಮ್ಮ ಕುಳ್ಳ ಹಗ್ಗ ಬಿಚ್ಚಿದ ಕರುವಿನ ಹಾಗೆ ಮೇಲಕ್ಕೆ ನೆಗೆಯಿತು. ಬೆಳಿಗ್ಗೆ ಕೊಂಬೆಗೆ ಕಟ್ಟಿದ ನನ್ನ ಟವಲ್ ಸಂಜೆಗೆ ಕೈಗೆ ಸಿಗುತ್ತಿರಲಿಲ್ಲ ಅಂದರೆ ನೀವು ಮತ್ತೆ ಮುಖ ತಿರುಗಿಸುತ್ತೀರಿ, ಹೇಳುವುದಿಲ್ಲ.

ಅದಕ್ಕೆ ಮಳೆ ಎಲ್ಲಿಂದ ಬಂತು ಅಂತ ತಾನೇ ನಿಮ್ಮ ಪ್ರಶ್ನೆ? ಹಟ್ಟಿಯ ಹೆಂಗಸರೇ ಅದರ ಮಳೆಗಾಲ. ಇವತ್ತು ಒಬ್ಬಳು, ನಾಳೆ ಇನ್ನೊಬ್ಬಳು, ತಿಂಗಳಿಡೀ ಒಬ್ಬರಲ್ಲ ಒಬ್ಬರು ಆ ಕಲ್ಲಿನ ಮೇಲೆ ತಲೆಗೆ ಹುಯ್ದುಕೊಳ್ಳುತ್ತಿದ್ದರು. ಬಾಣಂತಿ ಇದ್ದರಂತೂ ಎರಡು ಹೊತ್ತು ಬಿಸಿನೀರು. ಅರಿಶಿನ, ಸೀಗೆಪುಡಿ, ಆಮೇಲಾಮೇಲೆ ಸೋಪು, ಶಾಂಪೂ, ಎಲ್ಲ ಕುಡಿದು ಮರ ಒಬ್ಬ ಗಂಡಸು ತಬ್ಬುವಷ್ಟು ದಪ್ಪವಾಯಿತು. ಚಿಗುರಿದರೆ ಎಳೆಗೂಸಿನ ಅಂಗಾಲಿನಂಥ ಕೆಂಪು. ಅದರ ನೆರಳಲ್ಲಿ ಬಾಣಂತಿಯರು ಮಡಿಲಲ್ಲಿ ಕೂಸು ಹಾಕಿಕೊಂಡು ಕೂರುತ್ತಿದ್ದರು.

ಗಂಡಸರು ಇದಕ್ಕೆ ಬೇರೆಯೇ ಅರ್ಥ ಕಟ್ಟಿದರು. ಸೂತಕದ ಜಾಗದಲ್ಲಿ, ಸುಡುವ ನೆಲದಲ್ಲಿ ಘಟ್ಟದ ಮರ ನಿಂತಿದೆ. ಹೆಂಗಸರು ಹೊರಗಿರುವುದು ಜುಂಜಪ್ಪನಿಗೆ ಒಪ್ಪಿಗೆಯಾಗಿದೆ, ಅದರ ಗುರುತು ಇದು ಅಂದರು. ಬೇಲಿಯ ಒಳಗೆ ಬಿಡದ ಮರಕ್ಕೆ ಹಬ್ಬದ ದಿನ ಅರಿಶಿನ ಕುಂಕುಮವೂ ಬಂತು. ನಮ್ಮಣ್ಣ ಸಾಯುವವರೆಗೆ ಅದರ ಅಂಟು ತೆಗೆಯಲಿಲ್ಲ.

ಕೆಲವು ವರ್ಷದ ಹಿಂದೆ ತಾಲ್ಲೂಕಿನಿಂದ ಅಧಿಕಾರಿಗಳು ಬಂದರು. ಭಾಷಣ ಮಾಡಿ, ಬೈದು, ಕೈಮುಗಿದು, ಕೊನೆಗೆ ಜೆಸಿಬಿ ತಂದು ಗುಡಿಸಲು ಕೆಡವಿದರು. ಗಂಡಸರೆಲ್ಲ ನೆಲ ನೋಡುತ್ತಾ ನಿಂತಿದ್ದಾಗ ಗೌರಕ್ಕ ಒಬ್ಬಳೇ ಚಪ್ಪಾಳೆ ತಟ್ಟಿದಳು. ಹೆಂಗಸರು ಒಳಗೆ ಬಂದರು. ಮನೆಗಳಿಗೆ ನಲ್ಲಿ ಬಂತು, ಮನೆ ಹಿಂದೆ ಬಚ್ಚಲು ಬಂತು. ಒಳ್ಳೆಯದೇ ಆಯಿತು. ಬಚ್ಚಲ ಕಲ್ಲು ಮಾತ್ರ ಒಣಗಿತು.

ಮೊದಲ ಬೇಸಿಗೆಯಲ್ಲಿ ಮರಕ್ಕೇನೂ ಆಗಲಿಲ್ಲ. ಎರಡನೆಯದರಲ್ಲಿ ಕೆಂಪು ಚಿಗುರು ಬಿಚ್ಚಿಕೊಳ್ಳುವ ಮೊದಲೇ ಸುಟ್ಟು ಕರಕಲಾಯಿತು. ಅದು ಯಾವ ಬೇಸಿಗೆ ಅಂತ ನಿಮಗೂ ನೆನಪಿರಬೇಕು, ಸೂರ್ಯ ಮುಳುಗಿದ ಮೇಲೂ ಗೋಡೆಗೆ ಬೆನ್ನು ಕೊಡಲಾಗುತ್ತಿರಲಿಲ್ಲ. ತುದಿಯ ಕೊಂಬೆಗಳು ಬೋಳಾದವು. ಗೌರಕ್ಕ ಮನೆಯ ಬಚ್ಚಲು ಬಿಟ್ಟು, ಬೆಳಿಗ್ಗೆ ಬಿಂದಿಗೆ ಹೊತ್ತುಕೊಂಡು ಹೋಗಿ ಆ ಕಲ್ಲಿನ ಮೇಲೇ ಸ್ನಾನ ಮಾಡತೊಡಗಿದಳು.

“ಯಾಕ್ ಗೌರವ್ವ, ಈ ವಯಸ್ಸಲ್ಲಿ ತಿರ್ಗಾ ಹೊರಗಾದ್ಯಾ?” ಅಂತ ಹುಡುಗಿಯರು ನಕ್ಕರು.

“ಊ ಕಣ್ರೇ, ನಿಮ್ದೆಲ್ಲಾ ಸೇರ್ಸಿ ನಾನೊಬ್ಳೇ ಆಗ್ತಿವ್ನಿ,” ಅಂದಳು.

ಒಬ್ಬ ಮುದುಕಿಯ ಬಿಂದಿಗೆ ಒಂದು ಹಟ್ಟಿಯ ಹೆಂಗಸರಿಗೆ ಸಮವಾದೀತೇ?

ಸುದ್ದಿ ಕೇಳಿ ಮಧುಗಿರಿ ಕಡೆಯ ಹುಡುಗಿಯೊಬ್ಬಳು ನೋಡಲು ಬಂದಳು, ಶಿವರಂಜನಿ ಅಂತ. ಘಟ್ಟದ ಕಾಡಿನಲ್ಲಿ ಮರಗಳ ಸೊಂಟಕ್ಕೆ ತಗಡಿನ ಪಟ್ಟಿ ಕಟ್ಟಿ, ಮಳೆಗೆ ಎಷ್ಟು ಹಿಗ್ಗಿದವು, ಬಿಸಿಲಿಗೆ ಎಷ್ಟು ಸೊರಗಿದವು ಅಂತ ಅಳೆಯುವುದು ಅವಳ ಕೆಲಸ. ಮರದ ಸುತ್ತ ಬಹಳ ಹೊತ್ತು ತಿರುಗಿದಳು, ತೊಗಟೆ ಗೀರಿ ನೋಡಿದಳು, ಕೊನೆಗೆ ಗೌರಕ್ಕನ ಪಕ್ಕ ಬಂದು ಕೂತಳು.

“ಅಜ್ಜಿ, ನಿಮ್ಮ ಕಡೆ ಮುತ್ತುಗ, ಕಮರ ಎಲ್ಲ ಬೇಸಿಗೆ ಬಂದ್ರೆ ಎಲೆ ಉದುರಿಸ್ಕೊಂಡು ಸುಮ್ನಾಗ್ಬಿಡ್ತವೆ. ಇದಕ್ಕೆ ಆ ಅಭ್ಯಾಸ ಇಲ್ಲ. ವರ್ಷ ಪೂರ್ತಿ ಎಲೆ ಹೊತ್ಕೊಂಡಿರೋ ಮರ. ಎಲೆಯಲ್ಲಿ ಕಣ್ಣಿಗೆ ಕಾಣದಂಥ ಬಾಯಿ ಇರ್ತವೆ. ಆ ಬಾಯಿ ತೆಗೆದ್ರೆ ಒಣಗಾಳಿ ನೀರೆಲ್ಲ ಹೀರ್ಕೊಳುತ್ತೆ. ಮುಚ್ಚಿದ್ರೆ ಊಟ ಇಲ್ಲ.”

“ಹಸಿವಿಗೆ ಸಾಯ್ತೈತೋ, ಬಾಯಾರ್ಕೆಗೋ? ಅದೊಂದ್ ಹೇಳವ್ವ.”

“ಎರಡಕ್ಕೂ, ಅಜ್ಜಿ.”

“ನೀರು ಹುಯ್ದ್ರೆ?”

“ಬೇರಿನಿಂದ ತುದಿವರೆಗೆ ನೀರು ಒಂದು ದಾರದ ಥರ ಏರುತ್ತೆ. ಆ ದಾರ ಒಳಗೇ ಕಡಿದುಹೋಗಿದೆ ಅನ್ಸುತ್ತೆ. ಆಮೇಲೆ ಹುಯ್ದ ನೀರು ಮೇಲೆ ಹತ್ತೋದು ಕಷ್ಟ.”

ಗೌರಕ್ಕ ಸೆರಗಿನ ತುದಿ ಸುತ್ತುತ್ತಾ ಮೆಲ್ಲಗೆ ಕೇಳಿದಳು, “ಇದ್ರ ತಾಯಿ ಮರ ಇರ್ತದಲ್ಲ ಅಲ್ಲಿ, ಅಲ್ಲಿಂದ ಇನ್ನೊಂದ್ ಬೀಜ ತಂದ್ಕೊಡ್ತೀಯಾ?”

ಹುಡುಗಿ ಹೂಂ ಅನ್ನಲಿಲ್ಲ. “ನಾನು ಅಳೆಯೋ ಕಾಡಲ್ಲೂ ತುದಿ ಒಣಗ್ತಿರೋ ಮರ ಇವೆ ಅಜ್ಜಿ. ಮೊದಲಿನ ಹಾಗೆ ದಪ್ಪ ಆಗ್ತಿಲ್ಲ. ಹೋದ ವರ್ಷ ನಮ್ಮ ಜಾಗದಲ್ಲಿ ಬೀಜನೇ ಬೀಳ್ಲಿಲ್ಲ.”

ನಾನು ಏನಾದರೂ ತಮಾಷೆ ಹೇಳಬೇಕು ಅಂತ ಬಾಯಿ ತೆಗೆದೆ. ಬದಲಿಗೆ ಎದ್ದು ಹೋಗಿ ಹುಡುಗಿಗೆ ಮಜ್ಜಿಗೆ ತಂದುಕೊಟ್ಟೆ.

ಅಷ್ಟಕ್ಕೇ ನಿಂತಿದ್ದರೆ ಇದು ಒಂದು ಮರ ಒಣಗಿದ ಕತೆಯಾಗಿ ಮುಗಿಯುತ್ತಿತ್ತು. ಆದರೆ ಗುಡಿಯ ಪೂಜಾರಿ ರಂಗರಾಜು ಇದ್ದಾನಲ್ಲ. ವಯಸ್ಸು ಚಿಕ್ಕದು, ಬೈಕಿನ ಮೇಲೆ ಬಂದು ಪೂಜೆ ಮಾಡಿ ಹೋಗುತ್ತಾನೆ, ಕೆಟ್ಟವನೇನಲ್ಲ. ಅವನೇ ಚಂದಾ ಎತ್ತಿ ಟ್ಯಾಂಕರ್ ನೀರು ತರಿಸಿ ಮರಕ್ಕೆ ಹಾಕಿಸಿದ. ಪಾತಿ ತುಂಬಿ ಕೆರೆಯಂತಾಯಿತು. ಮರ ಚಿಗುರಲಿಲ್ಲ. ಇದ್ದ ನಾಲ್ಕು ಎಲೆಯೂ ಉದುರಿದವು. ಆಗ ಅವನಿಗೆ ನಿಜವಾಗಿ ಹೆದರಿಕೆ ಹುಟ್ಟಿತು. ಗುಡಿಯ ಮುಂದೆ ಎಲ್ಲರನ್ನೂ ಸೇರಿಸಿದ.

ಅದೇ ವಾರ ಗೌರಕ್ಕನ ಮಗನ ಮಗಳು ಲಾವಣ್ಯ ಹೆರಿಗೆಗೆ ತವರಿಗೆ ಬಂದಿದ್ದಳು. ಕೊಡಿಗೇನಹಳ್ಳಿ ಕಡೆಯ ಹಟ್ಟಿಗೆ ಕೊಟ್ಟಿದ್ದರು ಅವಳನ್ನು. ತುಂಬಿದ ಬಸುರಿ, ಚೊಚ್ಚಲು.

“ನೀರಿಲ್ದೆ ಒಣಗೈತೆ ಅಂತಿದ್ರಿ. ನೀರು ಹಾಕಾತು,” ಅಂದ ರಂಗರಾಜು. “ಹೆಂಗಸ್ರು ಒಳಿಕ್ ಬಂದ್ ಮ್ಯಾಲೇ ಒಣಗಿದ್ದು. ಅವ್ರು ಹೊರಗಿರೋಗಂಟ ಚೆನ್ನಾಗೇ ಇತ್ತು. ಇದು ಸುಳ್ಳಾ ದೊಡ್ಡವ್ವ, ನೀನೇ ಹೇಳು.”

ನೋಡಿ, ಅದು ಸುಳ್ಳಾಗಿರಲಿಲ್ಲ. ಆದರೂ ಗೌರಕ್ಕ ಬಿಡಲಿಲ್ಲ.

“ಅವ್ರು ಹುಯ್ಕೊಂಡಿದ್ ನೀರು ಕಣಪ್ಪ ಅದು. ದೇವ್ರಲ್ಲ. ಆ ಹುಡುಗಿ ಹೇಳ್ಲಿಲ್ವಾ, ಒಳಗೆ ದಾರ ಕಡ್ದೋಗೈತಂತೆ.”

“ಆ ದಾರ ಕಡ್ದೋರು ಯಾರು?” ಅಂದರು ಹಿರಿಯರೊಬ್ಬರು.

ಕೊನೆಗೆ ಮಾತು ಗಟ್ಟಿಯಾಯಿತು. ಮರ ಚಿಗುರುವವರೆಗೆ ಹೆಂಗಸರು ಮೊದಲಿನಂತೆ ಹೊರಗೆ ಇರಬೇಕು. ಮೊದಲು ಹೆರುವವಳು ಲಾವಣ್ಯ, ಅವಳಿಂದಲೇ ಶುರು. ಗುಡಿಸಲು ಕಟ್ಟಿದರೆ ಅಧಿಕಾರಿಗಳು ಬರುತ್ತಾರೆ, ಟಾರ್ಪಾಲು ಸಾಕು. ಅವಳನ್ನು ಗಂಡನ ಮನೆಗೇ ಕಳಿಸಿಬಿಡೋಣ ಅಂತ ನಾನು ಅತ್ತಿಗೆಯ ಕಿವಿಯಲ್ಲಿ ಹೇಳಿದೆ. “ಅಲ್ಲಿರೋದೂ ಹಟ್ಟಿನೇ ಅಲ್ವಾ ಜುಂಜಪ್ಪ? ಇಲ್ಲಿ ಏನಾಗ್ತದೆ ಅಂತ್ಲೇ ಅವರೂ ಕಾಯ್ತಾವ್ರೆ,” ಅಂದಳು.

ಮಾರನೇ ದಿನ ಮಧ್ಯಾಹ್ನ ಗೌರಕ್ಕ ಗೌಡಗೆರೆಗೆ ಹೋಗಿ, ಮರ ಕೊಯ್ಯುವ ಮೆಷಿನ್ ಇರುವವನನ್ನು ಆಟೋದಲ್ಲಿ ಕೂರಿಸಿಕೊಂಡು ಬಂದಳು. ಗಂಡಸರು ಕುರಿ ಹೊಡೆದುಕೊಂಡು ಹೋಗಿದ್ದರು. ನಾನು ಕಟ್ಟೆಯ ಮೇಲಿದ್ದವನು ಎದ್ದು ಓಡಿದೆ. ಓಡಿದೆ ಅಂದರೆ, ನನ್ನ ಮಂಡಿ ಒಪ್ಪಿದಷ್ಟು.

“ಅತ್ಗೆ, ಏನ್ ಮಾಡ್ತಿದೀಯ? ಬುಡದಾಗೆ ಇನ್ನೂ ಹಸ್ರೈತೆ, ಒಂದ್ ಮಳೆ ನೋಡಾನ ತಡಿ.”

“ನಂಗೊತ್ತು ಹಸ್ರೈತೆ ಅಂತ. ಬೆಳಿಗ್ಗೆ ಉಗುರಲ್ಲಿ ಕೆರ್ದು ನೋಡ್ದೆ.”

“ಮತ್ತೆ?”

“ಇದು ಚಿಗುರ್ತದೆ ಅಂತ ಕಾಯ್ತಾ ನಮ್ ಲಾವಣ್ಯನ್ನ ಇದ್ರ ಬುಡದಾಗೆ ಮಲಗಿಸ್ತಾರೆ. ಕಾಯಕ್ಕೆ ಮರಾನೇ ಇಲ್ಲ ಅಂದ್ರೆ ಏನ್ ಕಾಯ್ತಾರೆ?” ಅಂದಳು. ಮೆಷಿನ್‌ನವನ ಕಡೆ ತಿರುಗಿ, “ಆ ಕಲ್ಲಿನ್ ಪಕ್ಕದ್ ಮಣ್ಣು ತುಳೀಬ್ಯಾಡ ಮಗ, ಈ ಕಡೆಯಿಂದ ಕೊಯ್ಯಿ,” ಅಂದಳು.

ಮೆಷಿನ್ ಕಿರುಚುವಾಗ ಆಕೆ ಕಿವಿ ಮುಚ್ಚಿಕೊಳ್ಳಲಿಲ್ಲ. ಮರ ಬಿತ್ತು. ಕೊಯ್ದ ಜಾಗದಲ್ಲಿ ಅಲ್ಲಲ್ಲಿ ಬಿಳಿ ಅಂಟು ಒಸರಿತು. ಮಳೆಕಾಡಿನ ಇಂಥ ಮರದೊಳಗೆ ವರ್ಷದ ಗೆರೆ ಸರಿಯಾಗಿ ಮೂಡುವುದಿಲ್ಲ, ಅವಕ್ಕೆ ವರ್ಷ ಮುಗಿಯಿತು ಅಂತಲೇ ಗೊತ್ತಾಗುವುದಿಲ್ಲ ಅಂತ ಶಿವರಂಜನಿ ಹೇಳಿದ್ದಳು. ಇದರ ನಡುವಿನ ಭಾಗ ಹಾಗೇ ಇತ್ತು, ಒಂದೇ ಬಣ್ಣ, ನುಣುಪು. ಅಂಚಿನಲ್ಲಿ ಮಾತ್ರ ಕಪ್ಪು ಗೆರೆಗಳು ಒತ್ತೊತ್ತಾಗಿ ಕೂತಿದ್ದವು. ಗೌರಕ್ಕ ಅದರ ಮೇಲೆ ಬೆರಳಾಡಿಸಿದಳು. “ನಮ್ ಬೇಸ್ಗೆ ಕಲಿಯಕ್ಕೆ ಹೊಂಟಿತ್ತು ನೋಡು,” ಅಂದಳು.

ಲಾವಣ್ಯ ಆಸ್ಪತ್ರೆಯಲ್ಲಿ ಹೆತ್ತು, ಕೂಸಿನೊಂದಿಗೆ ಸೀದಾ ಮನೆಯೊಳಕ್ಕೆ ಬಂದಳು. ಗಂಡು ಕೂಸು, ಗಂಟಲು ಮಾತ್ರ ಜೆಸಿಬಿಯದ್ದು. ಬಾಗಿಲಲ್ಲಿ ಗೌರಕ್ಕ ಒನಕೆ ಹಿಡಿದು ಕೂತಿದ್ದಳು. ಯಾರೂ ತಡೆಯಲು ಬರಲಿಲ್ಲ. ಯಾರೂ ನೋಡಲೂ ಬರಲಿಲ್ಲ. ಆವತ್ತಿನಿಂದ ಹಟ್ಟಿಯಲ್ಲಿ ನಮ್ಮ ಮನೆಯ ನೀರು ಯಾರೂ ಕುಡಿಯುವುದಿಲ್ಲ. ಗುಡಿಯ ಪ್ರಸಾದ ನಮ್ಮ ಬಾಗಿಲು ದಾಟಿ ಮುಂದಕ್ಕೆ ಹೋಗುತ್ತದೆ. ಅದು ಹೋಗಲಿ, ನನಗೆ ಸಿಹಿ ಬೇಡ ಅಂತ ಡಾಕ್ಟರು ಮೊದಲೇ ಹೇಳಿದ್ದಾರೆ.

ಅತ್ತಿಗೆ ತಪ್ಪು ಎಣಿಸಿದ್ದು ಬೇರೆ ಕಡೆ. ಕಾಯಲು ಮರವಿಲ್ಲದಿದ್ದರೆ ಕಾಯುವುದೂ ನಿಲ್ಲುತ್ತದೆ ಅಂದುಕೊಂಡಿದ್ದಳು. ಮರ ಇದ್ದಾಗ ಅದು ಚಿಗುರುವವರೆಗೆ ಅಂತ ಒಂದು ಗಡುವಾದರೂ ಇತ್ತು. ಈಗ ದೇವರ ಮರ ಕಡಿದ ಪಾಪವೂ ಸೇರಿಕೊಂಡಿತು, ಗಡುವು ಹೋಯಿತು. ಉಳಿದ ಮನೆಗಳ ಹೆಂಗಸರು ಒಬ್ಬೊಬ್ಬರಾಗಿ ತಾವೇ ಹೊರಗೆ ಹೋಗತೊಡಗಿದರು. ಯಾರೂ ತಳ್ಳಬೇಕಾಗಲಿಲ್ಲ. ಮಕ್ಕಳಿಗೆ ಜ್ವರ ಬಂದರೂ ಮರದ ಶಾಪ, ಕುರಿ ದಿನ ತುಂಬುವ ಮೊದಲೇ ಕಂದು ಹಾಕಿದರೂ ಮರದ ಶಾಪ.

ಹೋದ ವಾರ ರಂಗರಾಜುವಿನ ಹೆಂಡತಿ ಮಂಗಳಗೌರಿ ಹೆತ್ತಳು, ಹೆಣ್ಣು ಕೂಸು. ಆಸ್ಪತ್ರೆಯಿಂದ ಬಂದವಳು ಮನೆಯ ಕಡೆ ತಿರುಗಲೇ ಇಲ್ಲ. ಅಗೋ, ಇಲ್ಲಿಂದಲೇ ಕಾಣುತ್ತದೆ, ಬೇಲಿಯ ಆಚೆ ನೀಲಿ ಟಾರ್ಪಾಲು. ಮೋಟು ಬುಡದ ಪಕ್ಕದಲ್ಲೇ ಕಟ್ಟಿದ್ದಾರೆ. ಮೊದಲು ಹೊರಗಿದ್ದವರಿಗೆ ಮರದ ನೆರಳಾದರೂ ಇತ್ತು. ಈಗ ಮಧ್ಯಾಹ್ನವಾದರೆ ಆ ಟಾರ್ಪಾಲಿನ ಒಳಗೆ ಕೈ ಇಡಲಾಗುವುದಿಲ್ಲ.

ಟಾರ್ಪಾಲಿನ ಬಿಸಿಲ ಕಡೆಗೆ ಕಂಬಳಿ ಹಿಡಿದುಕೊಂಡು ಕೂತಿರುವುದು ನಮ್ಮ ಗೌರಕ್ಕ. ಬೆಳಿಗ್ಗೆ ಹೋದವಳು. ಸೂರ್ಯ ಸರಿದ ಹಾಗೆ ತಾನೂ ಸರಿಯುತ್ತಾಳೆ. ಮೊದಲ ದಿನ ರಂಗರಾಜು ಬಂದು, “ದೊಡ್ಡವ್ವ, ನೀನ್ ಬರ್ಬ್ಯಾಡ ಇಲ್ಲಿಗೆ, ನೀನ್ ಮರ ಕಡ್ದೋಳು,” ಅಂದನಂತೆ. “ಊ ಕಣಪ್ಪ, ಅದ್ಕೇ ಬಂದಿದೀನಿ,” ಅಂದಳಂತೆ ಇವಳು. ಅವನು ನಿಂತು ನೋಡಿ, ಬೈಕ್ ಹತ್ತಿ ಹೋದ. ಕಂಬಳಿಯನ್ನೂ ಕಿತ್ತುಕೊಳ್ಳಲಿಲ್ಲ, ಹೆಂಡತಿಯನ್ನೂ ಒಳಗೆ ಕರೆಯಲಿಲ್ಲ. ನಿನ್ನೆಯಿಂದ ಆ ಕೂಸಿಗೆ ಮೈ ಬಿಸಿ ಅಂತೆ. ಬಿಸಿಲಿನದೋ ಜ್ವರದ್ದೋ ತಿಳಿಯುತ್ತಿಲ್ಲ ಅಂತೆ. ಆಸ್ಪತ್ರೆಗೆ ಕರೆದುಕೊಂಡು ಹೋಗು ಅಂದರೆ, ದೇವರಿಗೆ ಹೂವು ಏರಿಸಿದ್ದೇನೆ, ಬಲಗಡೆ ಬೀಳಲಿ, ಹೋಗುತ್ತೇನೆ ಅನ್ನುತ್ತಾನೆ ರಂಗರಾಜು. ಹೂವು ಇನ್ನೂ ಬಿದ್ದಿಲ್ಲ. ನಾನು ಗೌಡಗೆರೆಯ ಆಟೋದವನಿಗೆ ಫೋನ್ ಮಾಡಿದ್ದೇನೆ. ಬರುತ್ತೇನೆ ಅಂದ. ಹಟ್ಟಿಯ ಹೆಸರು ಹೇಳಿದ ಮೇಲೆ, ನೋಡ್ತೀನಿ ಅಂದ—

“ತಾತಾ! ಮುದ್ದೆ ಆರೋಗ್ತೈತೆ, ಉಣ್ಣಾಕ್ ಬಾ!”

ಲಾವಣ್ಯ. ಅವಳ ಧ್ವನಿಗೆ ಅವಳ ಕೂಸೂ ಎದ್ದಿತು ನೋಡಿ.

“ಅಜ್ಜಿನೂ ಕೂಗು ತಾತ!”

“ಅವ್ಳು ಬರಲ್ಲ ಕಣವ್ವ, ಹೊತ್ತಿನ್ನೂ ಇಳಿದಿಲ್ಲ.”

“ಅಂಗಾರೆ ನೀನಾದ್ರೂ ಬಿರ್ರನೆ ಉಂಡು ಹೋಗಿ ಕಂಬಳಿ ಇಡ್ಕ. ಅವ್ಳು ಬಂದು ಒಂದ್ ತುತ್ತು ತಿನ್ಲಿ.”

ಬಂದೆ ಕಣವ್ವ, ಬಂದೆ.